ಕತ್ತಲೆ ಕೋಣೆಯ ಬಿಸಿಲು

ಸೌರಶಕ್ತಿಯ ಮೇಲೆ ಸಂಶೋಧನೆ ಮಾಡುವವರಷ್ಟು ಸೂರ್ಯನನ್ನು ದೂರ ಇಡುವ ಜನ ಬೇರೆ ಯಾರೂ ಇರಲಾರರು. ಹೊರಗಿನವರು ಇದನ್ನು ನಂಬುವುದಿಲ್ಲ. ನಾವು ದಿನವಿಡೀ ಟೋಪಿ ಹಾಕಿಕೊಂಡು, ಟೆರೇಸಿನ ಮೇಲೆ ಆಕಾಶ ನೋಡುತ್ತಾ ಕೂತಿರುತ್ತೇವೆ ಎಂದು ಅವರ ಕಲ್ಪನೆ. ನಿಜ ಹೇಳಬೇಕೆಂದರೆ ನಮ್ಮ ಕೆಲಸಕ್ಕೆ ಸೂರ್ಯ ನಾಲಾಯಕ್ಕು. ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ, ಮೋಡ ಬಂದರೆ ಹೇಳದೆ ಕೇಳದೆ ರಜೆ. ಅಂಥವನನ್ನು ನಂಬಿಕೊಂಡು ಯಾರು ಅಳತೆ ತೆಗೆಯುತ್ತಾರೆ? ಅದಕ್ಕೇ ನಾವು ಕಿಟಕಿಗೆ ದಪ್ಪನೆಯ ಕಪ್ಪು ಪರದೆ ಎಳೆದು, ಕೋಣೆಯನ್ನು ಕತ್ತಲೆ ಮಾಡಿ, ಒಳಗೆ ಒಂದು ದೊಡ್ಡ ದೀಪ ಹಚ್ಚಿಕೊಂಡು ಅದನ್ನೇ ಸೂರ್ಯ ಎಂದು ಕರೆಯುತ್ತೇವೆ. "ಸೂರ್ಯನ್ನ ಹಾಕು," "ಸೂರ್ಯನ್ನ ಆರಿಸು," "ಸೂರ್ಯನ ಫ್ಯೂಸ್ ಹೋಗಿದೆ" ಎಂದೆಲ್ಲ ಮಾತಾಡಿಕೊಳ್ಳುತ್ತೇವೆ. ಇಂಥ ಕೋಣೆಯೊಳಕ್ಕೆ ಅಸಲಿ ಸೂರ್ಯನನ್ನು ಬಿಟ್ಟುಕೊಂಡ ಮಹಾನುಭಾವ ನಾನು. ಅದೂ ಯಾವ ವೈಜ್ಞಾನಿಕ ಕುತೂಹಲದಿಂದಲೂ ಅಲ್ಲ, ಗಾಳಿಪಟ ನೋಡುವುದಕ್ಕೆ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ನಿಮಗೂ ನನ್ನ ಬಗ್ಗೆ ಅನಗತ್ಯ ನಿರೀಕ್ಷೆ ಇರುವುದಿಲ್ಲ.

ಊರು ಕಲ್ಕತ್ತ. ನಾನು ತುಮಕೂರಿನ ಕಡೆಯವನು. ಕಾಳಿಘಾಟ್‌ನಲ್ಲಿ ಬಾಡಿಗೆಯ ಕೋಣೆ ಹಿಡಿದು, ಎಲೆಕ್ಟ್ರಾನಿಕ್ ಬಳಕೆಯ ಹೊಸ ಪದಾರ್ಥಗಳನ್ನು ಪರೀಕ್ಷಿಸುವ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷದಿಂದ ಕಿರಿಯ ಸಂಶೋಧಕನಾಗಿದ್ದೆ. ಕಾಳಿಯ ದರ್ಶನಕ್ಕೆಂದು ಊರಿನಿಂದ ಬರುವ ನೆಂಟರೆಲ್ಲ ನನ್ನ ಕೋಣೆಯಲ್ಲೇ ಬ್ಯಾಗು ಇಳಿಸುತ್ತಿದ್ದರು. ಏನು ಕೆಲಸ ಎಂದು ಕೇಳಿ, ಬಿಸಿಲಿನಿಂದ ಕರೆಂಟು ತೆಗೆಯುವುದು ಎಂದು ನಾನು ಹೇಳಿದ ತಕ್ಷಣ, "ಹಂಗಾದ್ರೆ ನಮ್ಮನೆ ಮೇಲಿನ ಸೋಲಾರ್ ಬಂದು ನೋಡು ಮಾರಾಯ, ನೀರು ಕಾಯ್ತಾನೇ ಇಲ್ಲ" ಎನ್ನುತ್ತಿದ್ದರು. ಅವರು ಮೆಟ್ಟಿಲಿಳಿದು ಹೋದ ಮೇಲೆ ನಾನು ಅವರದೇ ದನಿಯಲ್ಲಿ ಅದೇ ಮಾತನ್ನು ಪಕ್ಕದ ಕೋಣೆಯವರಿಗೆ ಆಡಿ ತೋರಿಸುತ್ತಿದ್ದೆ. ಅದೊಂದು ಚಟ. ಯಾರಾದರೂ ಬಾಯಿ ತೆರೆದರೆ ಸಾಕು, ಅವರ ಗಂಟಲು ನನ್ನ ಗಂಟಲೊಳಗೆ ಬಂದು ಕೂರುತ್ತದೆ. ಟ್ರಾಮಿನ ಕಂಡಕ್ಟರು, ಮೀನು ಮಾರುವವನು, ರೇಡಿಯೋದ ವಾರ್ತೆಯವಳು, ಎಲ್ಲರೂ ಬಾಡಿಗೆ ಕೊಡದೆ ಅಲ್ಲಿ ಸಂಸಾರ ಹೂಡಿದ್ದರು.

ಲ್ಯಾಬಿನಲ್ಲಿ ನನ್ನ ಅತಿ ಜನಪ್ರಿಯ ಐಟಂ ನಮ್ಮ ಮುಖ್ಯಸ್ಥರಾದ ಲಾಹಿರಿ ಸರ್. ಅವರು ಯಾವ ಮಾತನ್ನೂ "ಬುಝ್ಲೆ" ಎನ್ನದೆ ಶುರು ಮಾಡಿದವರಲ್ಲ. ಗೊತ್ತಾಯಿತೇ ಎಂದು ಅದರ ಅರ್ಥ. ಮಾತು ಮುಗಿದ ಮೇಲೆ ಕೇಳಬೇಕಾದ್ದನ್ನು ಅವರು ಮೊದಲೇ ಕೇಳಿಬಿಡುತ್ತಿದ್ದರು. ಆಮೇಲೆ ಕನ್ನಡಕ ತೆಗೆದು, ಅದರ ಕಡ್ಡಿಯಿಂದ ಗಾಳಿಯಲ್ಲಿ ಅಡಿಗೆರೆ ಎಳೆದು, ವಾಕ್ಯ ಮುಂದುವರಿಸುತ್ತಿದ್ದರು. ಆ ವರ್ಷಗಳಲ್ಲಿ ಅವರ ಒಂದೇ ಚಿಂತೆ ಸೆಕ್ಟರ್ ಫೈವ್. ಸಾಲ್ಟ್ ಲೇಕ್‌ನ ಆ ಕಡೆ ಗಾಜಿನ ಕಟ್ಟಡಗಳು ಮಳೆಗಾಲದ ಅಣಬೆಯ ಹಾಗೆ ಏಳುತ್ತಿದ್ದವು. ನಮ್ಮಲ್ಲಿ ಹರಳುಗಳ ಒಳರಚನೆ ಓದಿಕೊಂಡಿದ್ದವರು ಒಬ್ಬೊಬ್ಬರಾಗಿ ಅಲ್ಲಿಗೆ ಹೋಗಿ, ಯಾರೋ ಅಮೆರಿಕದವರ ವಿಮೆಯ ಕಂತಿಗೆ ಪ್ರೋಗ್ರಾಮ್ ಬರೆಯುತ್ತಾ, ಕಂಪನಿಯ ಕ್ಯಾಬಿನಲ್ಲಿ ಓಡಾಡಿಕೊಂಡು ದಪ್ಪಗಾಗುತ್ತಿದ್ದರು. "ಬುಝ್ಲೆ, ನಾನು ವಿಜ್ಞಾನಿಗಳನ್ನು ತಯಾರು ಮಾಡುತ್ತಿಲ್ಲ, ಆ ಕ್ಯಾಬುಗಳಿಗೆ ಪ್ರಯಾಣಿಕರನ್ನು ತಯಾರು ಮಾಡುತ್ತಿದ್ದೇನೆ" ಎಂದು ಲಾಹಿರಿ ಸರ್ ಸಿಡುಕುತ್ತಿದ್ದರು.

ಮುಂದಿನ ಪ್ರಯಾಣಿಕಳು ಗಿರಿಜಕ್ಕ ಎಂಬುದು ಎಲ್ಲರಿಗೂ ಗೊತ್ತಿತ್ತು. ಧಾರವಾಡದ ಕಡೆಯವರು, ಆದರೆ ಹುಟ್ಟಿ ಬೆಳೆದದ್ದೆಲ್ಲ ಕಲ್ಕತ್ತದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಲ್ಯಾಬಿನವರಿಗೆಲ್ಲ ಗಿರಿಜಾ-ದಿ, ನನಗೆ ಗಿರಿಜಕ್ಕ. ತಾಯಿಯಿಂದ ಬಂದ ಧಾರವಾಡದ ಮಾತಿನ ನಡುವೆ ಬಂಗಾಳಿಯ ತುಣುಕು ಉದುರಿಸಿಕೊಂಡು ಮಾತಾಡುತ್ತಿದ್ದರು. ಎರಡು ಗಾಜಿನ ಚೂರುಗಳ ನಡುವೆ ಬಿಳಿಯ ಪುಡಿಯ ತೆಳು ಲೇಪ, ಅದಕ್ಕೆ ದಾಳಿಂಬೆ ರಸದಂಥ ಬಣ್ಣ, ಒಂದು ತೊಟ್ಟು ದ್ರವ. ಹೆಬ್ಬೆರಳ ಉಗುರಿನಷ್ಟಗಲದ ಈ ಸೆಲ್ ಅವರ ಪಿಎಚ್‌ಡಿ. ನೂರು ಪಾಲು ಬೆಳಕು ಬಿದ್ದರೆ ಅದು ಏಳು ಪಾಲು ವಿದ್ಯುತ್ತು ಕೊಡುತ್ತಿತ್ತು. ಬಣ್ಣ ಬದಲಾಯಿಸಿದರೂ ಏಳು, ಲೇಪ ಬದಲಾಯಿಸಿದರೂ ಏಳು. ಎರಡು ವರ್ಷದಿಂದ ಏಳರ ಮನೆ ಬಿಟ್ಟು ಅದು ಕದಲಿರಲಿಲ್ಲ. ಅಷ್ಟರಲ್ಲಿ ಸೆಕ್ಟರ್ ಫೈವ್‌ನ ಒಂದು ಕಂಪನಿ ಅವರನ್ನು ಆರಿಸಿಕೊಂಡಿತು. ಅವರ ತಂದೆ ನಿವೃತ್ತಿಗೆ ಹತ್ತಿರವಾಗಿದ್ದರು, ಕ್ವಾರ್ಟರ್ಸ್ ಬಿಡಬೇಕಿತ್ತು. ಬರುತ್ತೇನೋ ಇಲ್ಲವೋ ಎಂದು ಮುಂದಿನ ವಾರದ ಶುಕ್ರವಾರ ಸಂಜೆಯೊಳಗೆ ಫೋನ್ ಮಾಡಿ ಹೇಳಬೇಕು. ಬರುತ್ತೇನೆ ಎನ್ನುವುದೆಂದು ಗಿರಿಜಕ್ಕ ತೀರ್ಮಾನಿಸಿಯಾಗಿತ್ತು. "ಏಳರ ಮ್ಯಾಲೆ ಯಾರೂ ಥೀಸಿಸ್ ಬರಿಯಂಗಿಲ್ಲೋ ತಮ್ಮಾ. ಉಳಿದಾವು ಎರಡು ಸೆಲ್ ಅಳದು, ಅಂಗಡಿ ಮುಚ್ಚೂಣು" ಎಂದರು.

ಆ ಉಳಿದ ಎರಡು ಸೆಲ್‌ಗಳನ್ನು ಅಳೆಯಲು ಕೂತ ದಿನವೇ ವಿಶ್ವಕರ್ಮ ಪೂಜೆ. ನಮ್ಮ ಕಡೆ ನವರಾತ್ರಿಯಲ್ಲಿ ಆಯುಧ ಪೂಜೆ ಮಾಡುವ ಹಾಗೆ ಕಲ್ಕತ್ತದವರು ಅದಕ್ಕೂ ಮೊದಲೇ ವಿಶ್ವಕರ್ಮನ ದಿನ ಯಂತ್ರಗಳಿಗೆ ರಜೆ ಕೊಟ್ಟು ಹೂವು ಇಡುತ್ತಾರೆ. ಕೆಳಗಿನ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರಕ್ಕೆ ಹಾರ ಬಿದ್ದಿತ್ತು, ಖಿಚುಡಿ ಬೇಯುತ್ತಿತ್ತು. ಊರಿನ ತಾರಸಿಗಳೆಲ್ಲ ಗಾಳಿಪಟದ ಯುದ್ಧಭೂಮಿ. ಒಂದು ಪಟ ಇನ್ನೊಂದರ ದಾರ ಕತ್ತರಿಸಿದಾಗಲೆಲ್ಲ "ಭೋಕಾಟ್ಟಾ" ಎಂಬ ಕೂಗು. ನಮ್ಮ ಕತ್ತಲೆ ಕೋಣೆಯೊಳಗೆ ಅದು ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ.

ಅಳತೆಯ ಪದ್ಧತಿ ಹೀಗೆ: ಗಿರಿಜಕ್ಕ ಕಪ್ಪು ತಡಿಕೆಯ ಆಚೆ ಕಂಪ್ಯೂಟರಿನ ಮುಂದೆ, ನಾನು ಈಚೆ ದೀಪದ ಕೆಳಗೆ ಸೆಲ್ ಇಟ್ಟು, ಎರಡು ಕ್ಲಿಪ್ಪು ಸಿಕ್ಕಿಸಿ, ರೆಡಿ ಎನ್ನಬೇಕು. ಕ್ಲಿಪ್ಪು ಸಿಕ್ಕಿಸುವಾಗ ಹೊರಗೆ ಎಂಥದೋ ಭಾರಿ ಭೋಕಾಟ್ಟಾ ಆಯಿತು. ತಡೆಯಲಾಗಲಿಲ್ಲ. ಪರದೆಯನ್ನು ಭುಜದಗಲ ಸರಿಸಿ ಇಣುಕಿದೆ. ಊಟದ ನಂತರದ ಬಿಸಿಲು, ಪಶ್ಚಿಮದ ಕಿಟಕಿ. ಮೇಜಿನ ಮೇಲೆ ಚೆನ್ನಾಗಿ ಬಿಸಿಲು ಬಿತ್ತು. ಒಂದು ಕೈಯಲ್ಲಿ ಪರದೆ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳು ಮಡಚಿ, ಮೇಜಿನ ತುದಿಯಲ್ಲಿ ಲಾಹಿರಿ ಸರ್ ಮೂಗಿನ ನೆರಳು ಮಾಡಿ ನೋಡಿಕೊಂಡೆ. ಹೋಲಿಕೆ ಸೊಗಸಾಗಿ ಬಂದಿತ್ತು. ಆ ಸಂತೋಷದಲ್ಲಿ ಅವರದೇ ದನಿಯಲ್ಲಿ "ಬುಝ್ಲೆ, ರೆಡಿ" ಎಂದೆ.

ಆಚೆಯಿಂದ ಗಿರಿಜಕ್ಕನ ದನಿ, ಬಹಳ ಮೆಲ್ಲಗೆ: "ತಮ್ಮಾ, ಇಲ್ಲಿ ಬಾ."

ಪರದೆ ಬಿಟ್ಟು ಓಡಿದೆ. ಪರದೆಯ ಮೇಲೆ ಹನ್ನೊಂದು ಎಂದಿತ್ತು. ಕಿಟಕಿಯ ಪರದೆಯಲ್ಲ, ಕಂಪ್ಯೂಟರಿನದು.

ಲಾಹಿರಿ ಸರ್ ಬಂದರು. ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ಅವರು ಬುಝ್ಲೆ ಎನ್ನದೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು. "ಗಿರಿಜಾ, ಇದು ನಿಜವೇ?" ಎಂದರು. ಸಂಜೆಯ ಹೊತ್ತಿಗೆ ದಿಲ್ಲಿಗೂ ಬೆಂಗಳೂರಿಗೂ ಫೋನ್ ಹೋಯಿತು, ಸಂದೇಶ್ ಮಿಠಾಯಿಯ ಡಬ್ಬ ಬಂತು. ನಾನೂ ಎರಡು ತಿಂದೆ. ಗಿರಿಜಕ್ಕ ಮನೆಗೆ ಹೋಗಿ, ಕಂಪನಿಗೆ ಒಲ್ಲೆ ಅನ್ನುತ್ತೇನೆ ಎಂದು ಹೇಳಿದರಂತೆ. "ನಮ್ಮಪ್ಪಾರು ಊಟದ ತಾಟು ಸರಿಸಿ ಎದ್ದು ಹೋದ್ರು" ಎಂದು ಮರುದಿನ ನಗುತ್ತಾ ಹೇಳಿದರು. ನಗು ಅಷ್ಟೇನೂ ಗಟ್ಟಿಯಾಗಿರಲಿಲ್ಲ.

ಮರುದಿನ ಅದೇ ಸೆಲ್ ಮತ್ತೆ ಏಳು ಕೊಟ್ಟಿತು. ಲಾಹಿರಿ ಸರ್ ಎದೆಗುಂದಲಿಲ್ಲ. ಈ ಜಾತಿಯ ಸೆಲ್‌ಗಳಲ್ಲಿ ದ್ರವ ಸೋರುವುದು ಮಾಮೂಲು. "ಬುಝ್ಲೆ, ಯೌವನ ಒಂದೇ ದಿನ. ಹೊಸದು ಮಾಡು" ಎಂದರು. ಹೊಸದು ಮಾಡಿದರು, ಏಳು. ಇನ್ನೊಂದು, ಏಳಕ್ಕೂ ಚೂರು ಕಡಿಮೆ. ಗಿರಿಜಕ್ಕ ಊಟಕ್ಕೆ ಬರುವುದು ನಿಲ್ಲಿಸಿದರು. ಗಾಜು ಅಂಟಿಸುವಾಗ ತನ್ನ ಕೈ ನಡುಗುತ್ತಿದೆಯೋ, ಅವತ್ತು ಲೇಪ ಹಚ್ಚಿದ ರೀತಿ ಮರೆತುಹೋಯಿತೋ ಎಂದು ತಮ್ಮ ಬೆರಳುಗಳನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನಾನು ಹುರುಪು ತುಂಬಲೆಂದು ರೇಡಿಯೋ ದನಿಯಲ್ಲಿ "ಇತ್ತೀಚಿನ ವರದಿಯ ಪ್ರಕಾರ" ಎಂದು ಶುರು ಮಾಡಿದರೆ, "ಸುಮ್ನಿರ್ತಿ ಏನೋ ಒಂದ್ ಚೂರು" ಎಂದರು.

ಸೋಮವಾರ ಮಧ್ಯಾಹ್ನ ಮಳೆ ಬಂತೇ ಎಂದು ನೋಡಲು ಪರದೆಯನ್ನು ಬೆರಳಗಲ ಸರಿಸಿದೆ. ಆಕಾಶ ಬೂದಿ ಬಣ್ಣ. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಸೆಲ್ ಇಡುವ ಪೀಠ. ಲಾಹಿರಿ ಸರ್ ಮೂಗು ನೆನಪಾಗಿ, ಬೆರಳು ಮಡಚಿ ಹಿಡಿದೆ. ನೆರಳು ಬೀಳಲಿಲ್ಲ. ಬಿಸಿಲಿಲ್ಲದೆ ನೆರಳು ಎಲ್ಲಿಂದ ಬಂದೀತು ಎಂದುಕೊಂಡೆ. ಹಾಗೆ ಅಂದುಕೊಂಡವನು, ಮಡಚಿದ ಬೆರಳನ್ನು ಹಾಗೇ ಹಿಡಿದು ಪೀಠದ ಕಡೆ ನೋಡಿದೆ. ಅವತ್ತು ನೆರಳು ಬಿದ್ದಿತ್ತು. ಮೂಗಿನ ನೆರಳು ಬಿದ್ದ ಕಡೆ ಅಷ್ಟು ಬಿಸಿಲಿದ್ದರೆ, ಗೇಣು ದೂರದಲ್ಲಿದ್ದ ಸೆಲ್ ಮೇಲೂ ಇತ್ತು. ಮೇಲೆ ದೀಪದ ಸೂರ್ಯ, ಪಕ್ಕದಲ್ಲಿ ಕಿಟಕಿಯ ಸೂರ್ಯ. ಅದು ಎರಡು ಊಟ ಉಂಡಿತ್ತು, ನಾವು ಒಂದೇ ಊಟದ ಲೆಕ್ಕ ಹಿಡಿದಿದ್ದೆವು.

ತಕ್ಷಣ ತಡಿಕೆಯಾಚೆ ಹೋಗಿ ಹೇಳಿದೆ. ಗಾಳಿಪಟ, ಪರದೆ, ನೆರಳು, ಯಾವುದನ್ನೂ ಬಿಡದೆ. ಗಿರಿಜಕ್ಕ ಕೇಳಿಸಿಕೊಂಡು, "ಇದು ಯಾರ ದನಿ?" ಎಂದರು.

"ಯಾರದೂ ಅಲ್ಲ ಅಕ್ಕ, ನಂದೇ."

"ನಿಂದು ಹೆಂಗ ಇರ್ತೈತಿ ಅಂತ ನಾ ಇನ್ನೂತನಕ ಕೇಳೇ ಇಲ್ಲಲಾ."

ಇದು ನನಗೆ ಸಿಗಬೇಕಾದ್ದೇ. ಗಂಭೀರವಾಗಿ ಮಾತಾಡಿದಷ್ಟೂ ಯಾರನ್ನೋ ಅಣಕಿಸುತ್ತಿರುವ ಹಾಗೆ ಕೇಳಿಸುತ್ತಿತ್ತು. ಕಾಲೇಜು ಪ್ರಿನ್ಸಿಪಾಲರ ಥರ ಇದೆ ಎಂದು ನನಗೇ ಅನ್ನಿಸಿತು. ಲಾಹಿರಿ ಸರ್ ಬಳಿ ಹೋದೆ. ಅವರು ಕನ್ನಡಕದಿಂದ ಗಾಳಿಯಲ್ಲಿ ಎರಡು ಅಡಿಗೆರೆ ಎಳೆದರು. "ಬುಝ್ಲೆ, ಅದು ನನ್ನ ಕತ್ತಲೆ ಕೋಣೆ. ಅದರೊಳಗೆ ಬೆಳಕು ಬರುವುದಿಲ್ಲ. ಬಂದಿದ್ದರೆ ನನಗೆ ಗೊತ್ತಾಗುತ್ತಿತ್ತು." ಎಲ್ಲ ಕಡೆ ಫೋನ್ ಮಾಡಿಯಾಗಿದ್ದವರ ಕಷ್ಟ ನನಗೂ ಅರ್ಥವಾಯಿತು. ಮೇಜಿನ ದೀಪವೊಂದನ್ನು ತಂದು ಸೆಲ್ ಪಕ್ಕ ಹಚ್ಚಿ ತೋರಿಸಿದೆ. ಏಳು ಇದ್ದದ್ದು ಏಳೂ ಚಿಲ್ಲರೆ ಆಯಿತು. "ಇದು ಬಲ್ಬು" ಎಂದು ಅವರು ಹೊರಟುಹೋದರು.

ಗಿರಿಜಕ್ಕ ಮಾತ್ರ ಆ ಚಿಲ್ಲರೆಯನ್ನು ಸ್ವಲ್ಪ ಹೊತ್ತು ನೋಡಿದರು. "ಬಲ್ಬು ನಡಿಯಂಗಿಲ್ಲ. ಅವತ್ತು ಬಿದ್ದಿದ್ದು ಬಿಸಲಂತೀಯಲಾ, ಬಿಸಲ ತಂದು ತೋರ್ಸು. ಶುಕ್ರವಾರದೊಳಗ ತೋರ್ಸು. ಹನ್ನೊಂದು ಖರೇ ಇದ್ರ ನಾ ಅವರಿಗೆ ಒಲ್ಲೆ ಅಂತೀನಿ. ಸುಳ್ಳಿದ್ರ, ಅಪ್ಪಾರ ಮುಂದ ಹೋಗಿ ಏನ ಹೇಳ್ಬೇಕು ಅಂತ ಈಗಿಂದ ಕುಂತು ವಿಚಾರ ಮಾಡ್ಬೇಕು."

ನಾಲ್ಕು ದಿನದಲ್ಲಿ ಒಂದು ತುಂಡು ಬಿಸಿಲು. ಯಾವ ಊರಿನಲ್ಲಿ? ಮಳೆಗಾಲ ಹೋಗುತ್ತೇನೆ ಹೋಗುತ್ತೇನೆ ಎಂದು ಹೇಳಿ ಬಾಗಿಲಲ್ಲೇ ನಿಂತಿರುವ ನೆಂಟನಂಥ ಸೆಪ್ಟೆಂಬರಿನ ಕಲ್ಕತ್ತದಲ್ಲಿ. ಮಂಗಳವಾರ ಜಡಿಮಳೆ. ಬುಧವಾರ ಮಳೆಯಿಲ್ಲ, ಮೋಡ ಒದ್ದೆ ಕಂಬಳಿಯ ಹಾಗೆ ಕೂತಿತ್ತು. ಗುರುವಾರ ಬೆಳಿಗ್ಗೆ ಕಣ್ಣು ಚುಚ್ಚುವ ಬಿಸಿಲು ಬಂದು, ನಾನು ಬಸ್ಸಿನಲ್ಲಿ ಎಸ್ಪ್ಲನೇಡ್ ದಾಟುವಷ್ಟರಲ್ಲಿ ಮುಗಿದುಹೋಯಿತು; ಬಂದರೂ ಪ್ರಯೋಜನವಿರಲಿಲ್ಲ, ನಮ್ಮ ಕಿಟಕಿ ಪಶ್ಚಿಮಕ್ಕೆ, ಮಧ್ಯಾಹ್ನದ ಬಿಸಿಲೇ ಬೇಕು. ನಾನು ಊಟದ ಹೊತ್ತಿಗೆ ಟೆರೇಸಿಗೆ ಹೋಗಿ ಆಕಾಶ ನೋಡುತ್ತಾ ಕೂರುತ್ತಿದ್ದೆ. ತಲೆ ನೆನೆಯದಿರಲೆಂದು ಟೋಪಿ ಬೇರೆ. ಲಾಹಿರಿ ಸರ್ ತಮ್ಮ ಕೋಣೆಯಿಂದ ಮೋಡ ನೋಡಿ ಪ್ರಸನ್ನರಾಗುತ್ತಿದ್ದರು. ಸೂರ್ಯ ಬಾರದಷ್ಟು ದಿನವೂ ಅವರ ಹನ್ನೊಂದು ಬದುಕಿರುತ್ತಿತ್ತು. ಶುಕ್ರವಾರ ಬೆಳಿಗ್ಗೆ ಕಾಳಿ ಗುಡಿಯ ಮುಂದೆ ಹಾಯುವಾಗ ನಿಂತು ಕೈ ಮುಗಿದೆ. ಅಲ್ಲಿ ಸಾಲಾಗಿ ನಿಂತವರು ಮಕ್ಕಳಿಗೆ ಬುದ್ಧಿ ಬರಲಿ ಎಂದು ಬೇಡಿಕೊಳ್ಳುತ್ತಿದ್ದಿರಬೇಕು. ತನ್ನ ದಡ್ಡತನ ಸಂಜೆಯೊಳಗೆ ಸಾಬೀತಾಗಲಿ ಎಂದು ಬೇಡಿಕೊಂಡವನು ನಾನೊಬ್ಬನೇ ಇರಬೇಕು.

ಶುಕ್ರವಾರ ಊಟವಾದ ಮೇಲೂ ಮೋಡ. ಗಿರಿಜಕ್ಕನ ಮೊಬೈಲು ಕೀಬೋರ್ಡಿನ ಪಕ್ಕ ಇತ್ತು. ಸೆಲ್ ಪೀಠದ ಮೇಲೆ, ಕ್ಲಿಪ್ಪು ಸಿಕ್ಕಿಸಿದೆ, ದೀಪ ಹಚ್ಚಿದೆ, ಪರದೆ ಮುಚ್ಚಿದೆ, ಏಳು. ಬಿದ್ದ ಬೆಳಕು ಎಷ್ಟೆಂದು ತೋರಿಸುವ ಪುಟ್ಟ ಮೀಟರನ್ನು ಈ ಸಲ ಗಿರಿಜಕ್ಕ ಸೆಲ್ ಪಕ್ಕದಲ್ಲೇ ಕೂರಿಸಿದ್ದರು. "ಯಾರನ್ನೂ ನಂಬಂಗಿಲ್ಲ ಇವತ್ತು, ನಿನ್ನೂ ಇಲ್ಲ, ಸೂರ್ಯಪ್ಪನ್ನೂ ಇಲ್ಲ." ಲಾಹಿರಿ ಸರ್ ಬಾಗಿಲಿಗೆ ಒರಗಿ ನಿಂತಿದ್ದರು. ಜೀವಮಾನದಲ್ಲಿ ಅಷ್ಟು ಹೊತ್ತು ನನ್ನ ಗಂಟಲಿನಲ್ಲಿ ಯಾರೂ ಬಂದು ಕೂರದೆ ಇದ್ದದ್ದು ಅದೇ ಮೊದಲು.

ಪರದೆಯ ಅಂಚು ಬೆಳ್ಳಗಾಯಿತು. ಎಳೆದೆ. ಮೇಜಿನ ಮೇಲೆ ಬಿಸಿಲು ಬಿತ್ತು, ಮಂಕಾದ ಬಿಸಿಲು.

"ಎಂಟು" ಎಂದರು ಗಿರಿಜಕ್ಕ ಆಚೆಯಿಂದ. ಸ್ವಲ್ಪ ತಡೆದು, "ಒಂಬತ್ತು." ಅಷ್ಟರಲ್ಲಿ ಮೋಡ ಹಾದು, ಎಲ್ಲ ಬೂದಿಯಾಯಿತು. "ಏಳೂವರಿ." ಲಾಹಿರಿ ಸರ್ ಉಸಿರು ಬಿಟ್ಟದ್ದು ಕೇಳಿಸಿತು. ಪರದೆ ಹಿಡಿದ ನನ್ನ ಕೈ ಜೋಮು ಹಿಡಿಯುತ್ತಿತ್ತು. ಮೋಡ ಒಡೆಯಿತು. ಈ ಸಲದ ಬಿಸಿಲು ಗಾಳಿಪಟದ ದಿನದ್ದೇ. ಪೀಠದ ನೆರಳು ಮೇಜಿನ ಮೇಲೆ ಚಾಕುವಿನಲ್ಲಿ ಕೊರೆದ ಹಾಗೆ ನಿಂತಿತು. "ಹತ್ತು" ಎಂದರು. ಲಾಹಿರಿ ಸರ್ ತಡಿಕೆಯಾಚೆ ಹೋಗಿ ನೋಡಿ, ಕನ್ನಡಕ ಹಾಕಿಕೊಂಡು, ಪಕ್ಕದ ಸ್ಟೂಲಿನ ಮೇಲೆ ಕೂತರು. "ಹನ್ನೊಂದು" ಎಂದರು ಅವರೇ, ತಮಗೆ ತಾವೇ. ಸ್ವಲ್ಪ ಹೊತ್ತಾದ ಮೇಲೆ, "ಬುಝ್ಲೆ, ಕಿಟಕಿ ತೆರೆಯುವುದನ್ನೂ ಒಂದು ವಿಧಾನ ಅಂತ..." ಎಂದು ಶುರು ಮಾಡಿ, ಗಿರಿಜಕ್ಕ ತಿರುಗಿ ನೋಡಿದ್ದರಿಂದ ಅಲ್ಲಿಗೇ ಬಿಟ್ಟರು.

ನಾನು ಗೆದ್ದಿದ್ದೆ. ಗೆದ್ದವನ ಮುಖ ಹೇಗಿರಬೇಕೆಂದು ಗೊತ್ತಾಗದೆ ಪರದೆ ಮುಚ್ಚಿ, ಮಡಿಕೆಗಳನ್ನು ಸರಿಮಾಡುತ್ತಾ ನಿಂತೆ. ಎರಡು ವರ್ಷದ ಏಳು ಏಳಾಗಿಯೇ ಉಳಿಯಿತು. ಗಿರಿಜಕ್ಕ ಸೆಕ್ಟರ್ ಫೈವ್‌ಗೆ ಹೋಗುತ್ತಾರೆ, ವಿಮೆಯ ಕಂತು ಎಣಿಸುತ್ತಾರೆ, ನಮಗೆಲ್ಲ ಆಗಾಗ ಕ್ಯಾಬಿನೊಳಗಿಂದ ಕೈ ಬೀಸುತ್ತಾರೆ ಎಂದುಕೊಂಡೆ. ಅವರು ಎದ್ದಿರಲಿಲ್ಲ. ಮೋಡ ಬಂದು ಹೋಗುತ್ತಿದ್ದಾಗ ಏರಿ ಇಳಿದ ಅಂಕಿಗಳನ್ನೆಲ್ಲ ಕಂಪ್ಯೂಟರು ಬರೆದುಕೊಂಡಿತ್ತಲ್ಲ, ಅವನ್ನು ಬಿದ್ದ ಬೆಳಕಿನ ಎದುರಿಗೆ ಒಂದೊಂದೇ ಚುಕ್ಕೆಯಾಗಿ ಇಡುತ್ತಿದ್ದರು. ಈ ಜಾತಿಯ ಸೆಲ್‌ಗಳಿಗೆ ಒಂದು ದುರ್ಗುಣ ಇದೆ. ಬೆಳಕು ಜಾಸ್ತಿಯಾದರೆ, ಎರಡನೇ ಸಲ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುವವರ ಹಾಗೆ, ಇನ್ನು ಸಾಕು ಎಂದುಬಿಡುತ್ತವೆ. ಅವುಗಳ ಗೆರೆ ಸ್ವಲ್ಪ ದೂರ ಏರಿ ಬಾಗುತ್ತದೆ. ಗಿರಿಜಕ್ಕನ ಪರದೆಯ ಮೇಲಿನ ಚುಕ್ಕೆಗಳು ಕೆಳಗಿನ ಮೂಲೆಯಿಂದ ಮೇಲಿನವರೆಗೆ ದಾರ ಎಳೆದ ಹಾಗೆ ನೆಟ್ಟಗಿದ್ದವು. ಎಲ್ಲೂ ಬಾಗಿರಲಿಲ್ಲ. ಲಾಹಿರಿ ಸರ್ ಬಗ್ಗಿ ನೋಡಿದರು. ಕನ್ನಡಕ ತೆಗೆಯುವುದನ್ನೂ ಮರೆತು ನೋಡಿದರು.

ಗಿರಿಜಕ್ಕ ಮೊಬೈಲು ತೆಗೆದುಕೊಂಡು ಕಿವಿಗಿಟ್ಟು, ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ, ತಾನು ಬರುವುದಿಲ್ಲ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ ಎಂದು ಹೇಳಿ ಇಟ್ಟರು. ಆಮೇಲೆ ಬಂಗಾಳಿಯಲ್ಲಿ ಲಾಹಿರಿ ಸರ್‌ಗೆ, ಏಳು ಎಂದು ದಿಲ್ಲಿಗೆ ಇವತ್ತೇ ತಿಳಿಸಿಬಿಡಿ ಎಂದರು. ಅವರು ತಲೆಯಾಡಿಸಿದರು.

ನನಗೆ ದಿಕ್ಕೇ ತೋಚಲಿಲ್ಲ. ನಾಲ್ಕು ದಿನ ಟೋಪಿ ಹಾಕಿಕೊಂಡು ನೆನೆದದ್ದು ಇದಕ್ಕೇನಾ? "ಏನ್ ಮಾಡಿಬಿಟ್ರಿ ಗಿರಿಜಕ್ಕ," ಎಂದೆ. "ನಿಮ್ಮ ಸೆಲ್ ಸುಳ್ಳು ಹೇಳಿತ್ತು ಅಂತ ಈಗ ತಾನೇ ತೋರಿಸಿದೆನಲ್ಲ. ಅದನ್ನ ನಂಬಿಕೊಂಡು ಕೆಲಸ ಬಿಟ್ರಲ್ಲ."

ಅವರು ಕುರ್ಚಿ ತಿರುಗಿಸಿ, ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದರು.

"ನನ್ನ ಸೆಲ್ ಸುಳ್ಳ ಹೇಳಿಲ್ಲೋ ತಮ್ಮಾ. ಮ್ಯಾಲೆ ಎಷ್ಟು ಬೆಳಕ ಬಿತ್ತೋ ಅಷ್ಟಕ್ಕೂ ಲೆಕ್ಕಾ ಕೊಟ್ಟೈತಿ, ಎಲ್ಲೂ ಬಾಗಿಲ್ಲ. ಥೀಸಿಸ್ ಇದರ ಮ್ಯಾಲೆ ಬರೀತೀನಿ. ನಿನ್ನ ಮ್ಯಾಲೂ ಮೂರು ವರ್ಷದಿಂದ ಬೆಳಕ ಬೀಳಾಕತ್ತೈತಿ, ಮೀಟರಿನ ಮುಳ್ಳ ಒಂದೀಟೂ ಅಲಗ್ಯಾಡಿಲ್ಲ."